ಕಾಲುವೆಯ ಕೊನೆಯ ಹೊಲದವರೆಗೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಎಷ್ಟು ಕ್ಯುಸೆಕ್ ನೀರು ನದಿ ಪಾಲಾಯಿತು, ಯಾರು ಬಂದು ನೋಡಿದರು, ತಾತ್ಕಾಲಿಕ ಗೇಟಾದ ಸ್ಟಾಪ್‌ಲಾಗ್ ಯಾವಾಗ ಕೂತಿತು ಎಂಬುದೆಲ್ಲ ಸುದ್ದಿ. ಎಡದಂಡೆ ಕಾಲುವೆಯನ್ನೇ ನಂಬಿದ ಕೊಪ್ಪಳ ಜಿಲ್ಲೆಯ ಸಿದ್ದಾಪುರ, ಕಾರಟಗಿ ಕಡೆಯ ಭತ್ತದ ರೈತರ ಮನೆಯಲ್ಲಿ ಆ ವಾರ ಏನು ಮಾತು ನಡೆಯಿತು, ಗೊಬ್ಬರದಂಗಡಿಯ ಬಾಕಿ ಎಷ್ಟಿತ್ತು, ನಾಟಿ ಹಚ್ಚುವ ಹೆಣ್ಣುಮಕ್ಕಳು ಕೂಲಿಗೆ ಎಲ್ಲಿಗೆ ಹೋದರು ಎಂದು ಜೊತೆಗೆ ಕೂತು ಕೇಳಿ ಬರೆದರೆ ಅದು ನುಡಿಚಿತ್ರ.

ಈ ಕಲೆಯನ್ನು ಕಾಲೇಜು ಹುಡುಗರು ಕಲಿಯುವುದು ಪ್ರಯೋಗ ಪತ್ರಿಕೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ಮುಂದಾಳತ್ವದಲ್ಲಿ ಶುರುವಾದ ಪತ್ರಿಕೋದ್ಯಮ ಪಾಠ ಈಗ ನಾಡಿನ ಮೂಲೆಮೂಲೆಯ ಪದವಿ ತರಗತಿಗಳಿಗೂ ಬಂದಿದೆ. ವಿದ್ಯಾರ್ಥಿಗಳೇ ಬರೆದು, ತಿದ್ದಿ, ಪುಟ ಕಟ್ಟುವ ಈ ಪುಟ್ಟ ಪತ್ರಿಕೆಗಳಲ್ಲಿ ಕೆಲವೊಮ್ಮೆ ದೊಡ್ಡ ಪತ್ರಿಕೆಗಳೂ ಅಸೂಯೆಪಡುವಂಥ ಬರಹ ಇರುತ್ತದೆ. ಅದನ್ನು ಗುರುತಿಸುವ ರೀತಿಯಲ್ಲೇ ನಮ್ಮ ಕೊರತೆ ಇರುವುದು. ಚಿನ್ನದ ಪದಕ ಅಂಕಪಟ್ಟಿ ನೋಡಿ ಬರುತ್ತದೆ. ಸ್ಪರ್ಧೆಯೆಂದರೆ ಸಾಮಾನ್ಯವಾಗಿ ಹಾಲ್‌ನಲ್ಲಿ ಕೂರಿಸಿ, ವಿಷಯ ಕೊಟ್ಟು, ಗಂಟೆಯೊಳಗೆ ಬರೆಸುವುದು. ಅಲ್ಲಿ ಗೆಲ್ಲುವುದು ಪದಗಳ ಅಲಂಕಾರವೇ ಹೊರತು ಊರು ಸುತ್ತಿದ ಕಾಲುಗಳಲ್ಲ.

ಅಮೆರಿಕದಲ್ಲಿ 1960ರಿಂದ ನಡೆದಿರುವ ಹರ್ಸ್ಟ್ ಪತ್ರಿಕೋದ್ಯಮ ಪ್ರಶಸ್ತಿಯ ಕ್ರಮ ನನಗೆ ಮೆಚ್ಚುಗೆ. ಅಲ್ಲಿ ವಿದ್ಯಾರ್ಥಿಯ ಪ್ರಕಟವಾದ ಬರಹವೇ ಸ್ಪರ್ಧೆಗೆ ಹೋಗುತ್ತದೆ, ನುಡಿಚಿತ್ರಕ್ಕೆ ಬೇರೆಯೇ ವಿಭಾಗವಿದೆ. ಕೊನೆಯ ಸುತ್ತಿಗೆ ಬಂದವರನ್ನು ಸ್ಥಳಕ್ಕೆ ಕಳಿಸಿ, ವರದಿ ಮಾಡಿಸಿ, ಅಲ್ಲೇ ಬರೆಸುತ್ತಾರೆ. ಬಹುಮಾನದಲ್ಲಿ ಕಲಿಸಿದ ಸಂಸ್ಥೆಗೂ ಪಾಲಿದೆ. ನಮ್ಮಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ: ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಕಟ್ಟಿದ ‘ಪರಿ’ ಜಾಲತಾಣ ಗ್ರಾಮೀಣ ಭಾರತದ ಬಗ್ಗೆ ವಿದ್ಯಾರ್ಥಿಗಳು ಮಾಡಿದ ವರದಿಗಳನ್ನೂ ತಿದ್ದಿಸಿ ಪ್ರಕಟಿಸುತ್ತದೆ. ಹೊಸ ಬರಹಗಾರರಿಗೆ ಪದಕಕ್ಕಿಂತ ಈ ತಿದ್ದುಪಡಿಯೇ ಹೆಚ್ಚು ದಕ್ಕುತ್ತದೆ ಎಂಬುದು ನನ್ನ ನಂಬಿಕೆ.

2023ರಲ್ಲಿ ಆರಂಭವಾದ ಕೊಪ್ಪಳ ವಿಶ್ವವಿದ್ಯಾಲಯ ಹರ್ಸ್ಟ್ ಮಾದರಿಯದೊಂದು ನುಡಿಚಿತ್ರ ಪ್ರಶಸ್ತಿ ಇಟ್ಟರೆ ವಸ್ತುವಿಗೆ ಬರವಿಲ್ಲ. ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿವೆ. ಅಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡಿ ಬೆಳೆದ ಮೂರನೇ ತಲೆಮಾರಿದೆ. ಕಾರಟಗಿಯ ರೈಸ್ ಮಿಲ್ಲುಗಳಲ್ಲಿ ಮೂಟೆ ಹೊರುವ ಹಮಾಲರಿದ್ದಾರೆ. ಕಿನ್ನಾಳದಲ್ಲಿ ಮರದ ಗೊಂಬೆಗೆ ಬಣ್ಣ ಹಚ್ಚುವ ಚಿತ್ರಗಾರರಿದ್ದಾರೆ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಿಂದ ಗುಳೆ ಹೋಗುವವರ ಬೀಗ ಹಾಕಿದ ಮನೆಗಳಿವೆ. ಇವೆಲ್ಲ ಸುದ್ದಿಯಲ್ಲಿ ಒಂದು ಸಾಲು, ಅದೂ ಬಂದರೆ.

ತೀರ್ಪುಗಾರರು ಭಾಷೆಯ ಸೊಗಸಿಗೆ ಮಾರುಹೋಗುವ ಮುನ್ನ ಬರೆದವರ ಟಿಪ್ಪಣಿ ಪುಸ್ತಕ ಕೇಳಬೇಕು: ಎಷ್ಟು ಜನರನ್ನು ಮಾತಾಡಿಸಿದೆ, ಹೇಳಿದ ಮಾತು ನಿಜವೇ ಎಂದು ಯಾರಲ್ಲಿ ವಿಚಾರಿಸಿದೆ, ಎರಡನೇ ಸಲ ಹೋಗಿದ್ದೆಯಾ? ಗೆದ್ದ ಬರಹ ದಿನಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರೆದವರ ಹೆಸರಿನೊಂದಿಗೆ ಅಚ್ಚಾಗಬೇಕು. ಓಡಾಟದ ಖರ್ಚಿನ ಚಿಂತೆಯೂ ದೊಡ್ಡದಲ್ಲ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಹುಡುಗರ ಬಸ್ ಚಾರ್ಜನ್ನು ಕಾಲೇಜು ಕೊಡಲಿ, ಬಹುಮಾನಕ್ಕೆ ಮುಂಚೆಯೇ.