ಹಿಂಸೆಯ ವಾರ್ತೆಯೂ ಪ್ರಲಾಪದ ಪ್ರಾರ್ಥನೆಯೂ

ಸಕಲೇಶಪುರದಿಂದ ಮಂಗಳೂರಿಗೆ ಇಳಿಯುವ ಶಿರಾಡಿ ಘಾಟಿಯ ದಾರಿಯಲ್ಲಿ ಮಾರನಹಳ್ಳಿ ಎಂಬ ಗ್ರಾಮವಿರುವುದು. ಸುತ್ತಲೂ ಬೆಟ್ಟ, ಕಾಡು, ಕಾಫಿಯ ತೋಟ. ಮಳೆಗಾಲದಲ್ಲಿ ಹನಿ ಕಡಿಯದ ಮಳೆ. ಲೋಕದ ಕಲಹವು ಇಂಥ ಸ್ಥಳವನ್ನು ಮುಟ್ಟಲಾರದೆಂದು ನಗರವಾಸಿಗಳಾದ ನಾವು ಭಾವಿಸುವುದುಂಟು. ಆದರೆ ವಾರ್ತೆಗೆ ಈಗ ಯಾವ ಬೆಟ್ಟವೂ ಅಡ್ಡಬರುವುದಿಲ್ಲ. 2022ರಲ್ಲಿ ಯುಕ್ರೇನಿನಿಂದಲೂ 2023ರಲ್ಲಿ ಗಾಜಾದಿಂದಲೂ ಹೊರಟ ಚಿತ್ರಗಳು ನಗರದ ಮಹಡಿಯ ಮನೆಗೆ ಬಂದಂತೆಯೇ ತೋಟದ ಸಾಲುಮನೆಗೂ ಬಂದುವು. ಕಂಡದ್ದನ್ನು ಕಾಣಲಿಲ್ಲವೆನ್ನುವಂತಿಲ್ಲ, ಹೋಗಿ ತಡೆಯುವ ಶಕ್ತಿಯೂ ನಮಗಿಲ್ಲ. ಹಾಗಾದರೆ ಆ ಸಂಕಟವನ್ನು ಏನು ಮಾಡಬೇಕು?

ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುವುದು. ದಿನವೂ ನೋಡಿ ನೋಡಿ ಮನಸ್ಸು ಕಲ್ಲಾಗುವುದು. ಇಲ್ಲವೆ, ಸಂಕಟವು ದ್ವೇಷವಾಗಿ ಹುಳಿತು, ಯಾವುದೋ ಒಂದು ಜನಾಂಗವನ್ನೇ ಶಪಿಸತೊಡಗುವುದು. ಇವೆರಡನ್ನೂ ಬಿಟ್ಟ ಮೂರನೆಯ ದಾರಿಯೊಂದನ್ನು ಕ್ರೈಸ್ತರ ಪ್ರಾರ್ಥನಾ ಸಂಪ್ರದಾಯವು ಬಹುಕಾಲದಿಂದ ಕಾಪಾಡಿಕೊಂಡು ಬಂದಿದೆ. ಅದರ ಹೆಸರು ಪ್ರಲಾಪ.

ಪ್ರಾರ್ಥನೆಯೆಂದರೆ ಸ್ತುತಿ, ಇಲ್ಲವೆ ಬೇಡಿಕೆ ಎಂದು ನಾವು ಎಣಿಸುತ್ತೇವೆ. ಆದರೆ ಬೈಬಲ್ಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳಿನವು. 13ನೆಯ ಕೀರ್ತನೆಯು ಇದಕ್ಕೆ ಚಿಕ್ಕದಾದ ಮಾದರಿ. ಈ ದುಃಖಕ್ಕೆ ಕೊನೆ ಎಂದು ಎಂಬ ಅರ್ಥದ ಪ್ರಶ್ನೆಯನ್ನು ಭಕ್ತನು ದೇವರಿಗೆ ನಾಲ್ಕು ಸಲ ಹಾಕುವನು. ಆಮೇಲೆ ತನ್ನ ಬೇಡಿಕೆಯನ್ನು ಹೇಳುವನು. ಕಡೆಗೆ ನಂಬಿಕೆಯ ಮಾತನ್ನಾಡುವನು. ದೂರು ಮೊದಲು, ನಂಬಿಕೆ ಆಮೇಲೆ. ಈ ಕ್ರಮವನ್ನು ಗಮನಿಸಬೇಕು. ನೋವನ್ನು ನುಂಗಿಕೊಂಡು ಬಾ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಅಷ್ಟೇ ಅಲ್ಲ, 88ನೆಯ ಕೀರ್ತನೆಯಂತೂ ಯಾವ ಸಮಾಧಾನವನ್ನೂ ಕಾಣದೆ ಕತ್ತಲೆಯಲ್ಲಿಯೇ ಮುಗಿಯುವುದು. ಆದರೂ ಅದನ್ನು ಪ್ರಾರ್ಥನೆಗಳ ಸಾಲಿನಿಂದ ತೆಗೆದುಹಾಕಲಿಲ್ಲ. ಕನ್ನಡಿಗರಿಗೆ ಈ ಸಲಿಗೆ ಹೊಸದಲ್ಲ. ತಮ್ಮ ದೈವದೊಡನೆ ಜಗಳವಾಡಿದ ವಚನಕಾರರೂ ದಾಸರೂ ನಮ್ಮವರೇ.

ದುಃಖಕ್ಕಿಂತ ಕಠಿನವಾದದ್ದು ಕೋಪ. ಮಹಾಭಾರತದ ಸ್ತ್ರೀಪರ್ವದಲ್ಲಿ ಮಕ್ಕಳ ಹೆಣಗಳ ನಡುವೆ ನಿಂತ ಗಾಂಧಾರಿಯು ಕೃಷ್ಣನನ್ನೇ ಶಪಿಸಿದಳು. ಕ್ರಿ. ಪೂ. 6ನೆಯ ಶತಮಾನದಲ್ಲಿ ಯೆರೂಸಲೇಮು ನಾಶವಾಗಿ ಬಾಬಿಲೋನಿಗೆ ಸೆರೆಹೋದವರ ಶೋಕವನ್ನು ಹೇಳುವ 137ನೆಯ ಕೀರ್ತನೆಯೂ ಹಾಗೆಯೇ. ಅದರ ಕೊನೆಯಲ್ಲಿ ವೈರಿಗಳ ಕೂಸುಗಳಿಗೂ ಸಾವನ್ನು ಬಯಸಿದ ಮಾತಿದೆ. ಓದಿದವರ ಎದೆ ನಡುಗುವುದು. ಕ್ಯಾಥೊಲಿಕ್ ಸಭೆಯು 1971ರ ತನ್ನ ನಿತ್ಯಪ್ರಾರ್ಥನೆಯ ಗ್ರಂಥದಲ್ಲಿ ಇಂಥ ಸಾಲುಗಳನ್ನು ಬಿಟ್ಟಿತು. ಬಿಡಬಾರದಾಗಿತ್ತೆಂದು ವಾದಿಸುವವರೂ ಇದ್ದಾರೆ. ಅವರ ವಾದವೇನೆಂದರೆ: ಸೇಡಿನ ಮಾತು ಎದೆಯಲ್ಲಿ ಇದ್ದೇ ಇರುವುದು, ದೇವರ ಮುಂದೆ ಅದನ್ನು ಆಡಿದವನು ತೀರ್ಪನ್ನು ದೇವರಿಗೆ ಒಪ್ಪಿಸಿದಂತಾಯಿತು, ಅಲ್ಲಿಗೆ ಅವನ ಕೈಯ ಕಲ್ಲು ಕೆಳಕ್ಕೆ ಬೀಳುವುದು. ಈ ವಾದದಲ್ಲಿ ಹುರುಳಿದೆ. ಆದರೆ ಕೋಪವನ್ನು ಒಪ್ಪಿಸುವುದು ಬೇರೆ, ದೇವರ ಹೆಸರಿನಲ್ಲಿ ಅದನ್ನು ಕಾಯಿಸುತ್ತಿರುವುದು ಬೇರೆ. ಇವೆರಡರ ಅಂತರವನ್ನು ಪ್ರಾರ್ಥಿಸುವವನೇ ಅರಿತಿರಬೇಕು.

ಮಾರನಹಳ್ಳಿಯ ದಾರಿಯನ್ನೇ ಹಿಡಿದು ಇಳಿದರೆ ಸೇರುವ ಮಂಗಳೂರಿನಲ್ಲಿ ಈ ಪರೀಕ್ಷೆ ಒಮ್ಮೆ ನಿಜವಾಗಿಯೇ ಬಂದಿತ್ತು. 1834ರಲ್ಲಿ ಅಲ್ಲಿ ನೆಲಸಿದ ಬಾಸೆಲ್ ಮಿಷನ್ನಿನವರಲ್ಲಿ ಜರ್ಮನರು ಬಹುಮಂದಿ. 1894ರ ಮಹಾನಿಘಂಟನ್ನು ನಮಗೆ ಕೊಟ್ಟ ಕಿಟ್ಟೆಲರೂ ಆ ಗುಂಪಿನವರೇ. 1914ರಲ್ಲಿ ಬ್ರಿಟನ್ನಿಗೂ ಜರ್ಮನಿಗೂ ಯುದ್ಧ ಹತ್ತಿದಾಗ ಮಿಷನ್ನಿನ ಜರ್ಮನ್ ಪಾದ್ರಿಗಳು ಶತ್ರುದೇಶದವರೆನಿಸಿ ಬಂಧನಕ್ಕೆ ಒಳಗಾದರು. ಕ್ರಮೇಣ ದೇಶವನ್ನೇ ಬಿಡಬೇಕಾಯಿತು. ಶತ್ರುವಿಗಾಗಿ ಪ್ರಾರ್ಥಿಸಿರಿ ಎಂಬ ಯೇಸುವಿನ ಉಪದೇಶವನ್ನು ಕನ್ನಡ ಕ್ರೈಸ್ತರಿಗೆ ಕಲಿಸಿದವರೇ ಈಗ ಶತ್ರುಗಳೆನಿಸಿಕೊಂಡರು! ಅವರಿಗೆ ಶತ್ರು ಎಂಬುದು ಅಂದಿನಿಂದ ಮುಖವಿಲ್ಲದ ಶಬ್ದವಾಗಿರಲು ಸಾಧ್ಯವಿರಲಿಲ್ಲ.

ಮುಂದಿನ ಮಹಾಯುದ್ಧದಲ್ಲಿ, 1940ರ ನವೆಂಬರ್ 14ರ ರಾತ್ರಿ, ಇಂಗ್ಲೆಂಡಿನ ಕಾವೆಂಟ್ರಿ ನಗರದ ಪ್ರಧಾನ ದೇವಾಲಯವು ಜರ್ಮನರ ಬಾಂಬುಗಳಿಂದ ಉರಿದುಹೋಯಿತು. ಅಲ್ಲಿನ ಮುಖ್ಯ ಪಾದ್ರಿ ರಿಚರ್ಡ್ ಹವರ್ಡರು ಪಾಳುಗೋಡೆಯ ಮೇಲೆ ಕ್ಷಮೆ ಬೇಡುವ ಎರಡೇ ಪದಗಳನ್ನು ಬರೆಯಿಸಿದರು. 'ಅವರನ್ನು' ಎಂಬ ಪದ ಅದರಲ್ಲಿಲ್ಲ. ತಪ್ಪು ಒಂದೇ ಪಕ್ಷದ್ದಲ್ಲ, ಕ್ಷಮೆ ನಮಗೂ ಬೇಕು ಎಂಬುದು ಇದರ ತಾತ್ಪರ್ಯ. ಬೆಂಕಿಯ ಬೂದಿಯಲ್ಲಿ ನಿಂತು ಹಾಗೆ ಬರೆಯಿಸುವುದು ಸುಲಭವಾದ ಮಾತಲ್ಲ.

ಮನೆಯಲ್ಲಿ ಇದನ್ನು ಆಚರಿಸಲು ಬಹಳ ಸಲಕರಣೆ ಬೇಡ. ವಾರ್ತೆಯನ್ನು ಮುಚ್ಚಿಟ್ಟು ಸುಮ್ಮನೆ ಕುಳಿತುಕೊಳ್ಳಬೇಕು. ಕಂಡದ್ದನ್ನು ಕಂಡಂತೆ ಹೇಳಬೇಕು: ಇಂಥ ಊರು, ಇಂಥ ತಾಯಿ, ಇಂಥ ಮಗು. ಕೋಪ ಬಂದಿದ್ದರೆ ಬಂದಿದೆಯೆಂದು ಒಪ್ಪಿಕೊಳ್ಳಬೇಕು. ಹೊಡೆಸಿಕೊಂಡವನ ಪರವಾಗಿ ಬೇಡಬೇಕು. ಆಮೇಲೆ, ಶಕ್ಯವಾದಾಗ, ಹೊಡೆದವನ ಪರವಾಗಿಯೂ. ಶಕ್ಯವಾಗದಿದ್ದರೆ ಅದನ್ನೇ ಹೇಳಿಕೊಳ್ಳಬಹುದು. 88ನೆಯ ಕೀರ್ತನೆ ಅಷ್ಟಕ್ಕೆ ಅವಕಾಶ ಕೊಟ್ಟಿದೆ. ಕಡೆಗೆ, ಇಂದು ನನ್ನಿಂದಾಗುವ ಕೆಲಸ ಯಾವುದೆಂದು ಕೇಳಿಕೊಳ್ಳಬೇಕು.

ಇದರಿಂದ ಯುದ್ಧ ನಿಲ್ಲುವುದೇ ಎಂದು ಕೇಳುವವರುಂಟು. ನಿಲ್ಲುವುದೆಂದು ನಾನು ಹೇಳಲಾರೆ. ಪ್ರಾರ್ಥನೆಯು ಅನ್ನಕ್ಕೂ ಔಷಧಕ್ಕೂ ನ್ಯಾಯಕ್ಕೂ ಬದಲಾಗಲಾರದು. ಆದರೆ ದೂರದ ಯುದ್ಧವು ನಮ್ಮ ಎದೆಯಲ್ಲಿ ಇನ್ನೊಂದು ಯುದ್ಧವನ್ನು ಹೂಡುತ್ತಿರುವುದಷ್ಟೆ? ಅದನ್ನು ನಿಲ್ಲಿಸುವ ಹೊಣೆ ಮಾತ್ರ ಪೂರ್ಣವಾಗಿ ನಮ್ಮದು. ಕಲ್ಲಾಗದೆ, ವಿಷವೂ ಆಗದೆ ಉಳಿದ ಮನಸ್ಸೇ ನೆರೆಯವನ ಕೂಗಿಗೆ ನಾಳೆ ಎದ್ದು ಹೋಗಬಲ್ಲದು.