ಗುಡ್ಡೆಯ ತಲೆಗೆ ಸುರಿದ ವಿಷ ಸುರಂಗದ ನೀರಿಗೆ ಇಳಿದದ್ದು ಹೇಗೆ?

ಕಾಸರಗೋಡು: ಕುಡಿಯುವ ನೀರಿಗೆ ವಿಷ ಸೇರಿದರೆ ನೀರನ್ನು ಶುದ್ಧ ಮಾಡಿದರಾಯಿತು ಎಂಬುದು ಪೇಟೆಯ ಲೆಕ್ಕ. ಪೇಟೆಗೆ ನೀರು ಒಂದೆರಡು ಕಡೆಯಿಂದ ಬರುತ್ತದೆ, ಅಲ್ಲಿ ಶುದ್ಧೀಕರಣ ಘಟಕ ಇರುತ್ತದೆ. ಎಣ್ಮಕಜೆಯಂತಹ ಊರಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಅನೇಕ ಮನೆಗಳಿಗೆ ಸ್ವಂತ ಸುರಂಗವಿದೆ, ಉಳಿದವರಿಗೆ ಬಾವಿಯಿದೆ, ತೋಟಕ್ಕೆ ತೋಡಿನ ನೀರಿದೆ. ಎಲ್ಲದಕ್ಕೂ ಮೂಲ ಮೇಲಿನ ಗುಡ್ಡೆಯೇ. ನೂರಾರು ಕಡೆ ಒಸರುವ ನೀರಿಗೆ ನೂರಾರು ಶುದ್ಧೀಕರಣ ಘಟಕ ಕಟ್ಟಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಆದ್ದರಿಂದ ಇಲ್ಲಿ ಇರುವ ದಾರಿ ಒಂದೇ. ಗುಡ್ಡೆಯ ಮೇಲೆ ವಿಷ ಬೀಳದಂತೆ ನೋಡಿಕೊಳ್ಳುವುದು.

ಎಂಡೋಸಲ್ಫಾನ್ ಕುರಿತು ಕಾಸರಗೋಡಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಚರ್ಚೆ ನಡೆದಿದೆ. ಸಂತ್ರಸ್ತರ ಪಟ್ಟಿ, ಪರಿಹಾರ ಧನ, ಚಿಕಿತ್ಸೆ ಇವುಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಆ ವಿಷ ನೀರಿನ ದಾರಿಯಲ್ಲಿ ಹೇಗೆ ಸಾಗಿತು, ಅದನ್ನು ತಡೆಯಲು ಏನೇನು ಮಾಡಲಾಯಿತು, ಇನ್ನೇನು ಉಳಿದಿದೆ ಎಂಬುದು ಇಂದಿಗೂ ಉಪಯೋಗಕ್ಕೆ ಬರುವ ಪಾಠ.

ನೆಲದ ಸ್ವರೂಪ

ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆಗಳಿವೆ. ಎಣ್ಮಕಜೆ ಪಂಚಾಯತಿನ ಕಡೆಯ ನೀರು ಶಿರಿಯಾ ಹೊಳೆಗೆ ಹೋಗುತ್ತದೆ. ಮುಳಿಯಾರು, ಕಾರಡ್ಕ ಕಡೆಯದು ಪಯಸ್ವಿನಿಯ ಮೂಲಕ ಚಂದ್ರಗಿರಿ ಹೊಳೆ ಸೇರುತ್ತದೆ. ಒಂದು ಹೊಳೆಗೆ ಯಾವ ಯಾವ ಗುಡ್ಡೆಯಿಂದ ನೀರು ಬಂದು ಸೇರುತ್ತದೆಯೋ ಆ ಎಲ್ಲ ಪ್ರದೇಶ ಸೇರಿ ಆ ಹೊಳೆಯ ಜಲಾನಯನ ಪ್ರದೇಶ. ಗುಡ್ಡೆಯ ನೆತ್ತಿಯೇ ಅದರ ಗಡಿ. ಪಂಚಾಯತಿನ ಗಡಿ, ರಾಜ್ಯದ ಗಡಿ ನೀರಿಗೆ ಗೊತ್ತಿಲ್ಲ.

ಈ ಗುಡ್ಡೆಗಳ ಮೇಲ್ಪದರ ಮುರಕಲ್ಲು. ಅದು ಸ್ಪಂಜಿನಂತೆ ತೂತುತೂತಾಗಿರುವ ಕಲ್ಲು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದು ಭಾಗ ಇಳಿಜಾರಿನಲ್ಲಿ ಹರಿದು ತೋಡು ಸೇರಿದರೆ ಇನ್ನೊಂದು ಭಾಗ ಮುರಕಲ್ಲಿನೊಳಗೆ ಇಂಗುತ್ತದೆ. ಇಂಗಿದ ಈ ನೀರನ್ನು ಹಿಡಿಯಲು ಇಲ್ಲಿನ ಕೃಷಿಕರು ಗುಡ್ಡೆಯ ಮಗ್ಗುಲಿಗೆ ಅಡ್ಡಲಾಗಿ ಸುರಂಗ ತೋಡಿದರು. ಒಬ್ಬ ಮನುಷ್ಯ ಹೊಕ್ಕು ನಡೆಯುವಷ್ಟು ಅಗಲದ ಈ ಸುರಂಗದ ಗೋಡೆಯಿಂದ ನೀರು ಒಸರಿ, ತನ್ನಷ್ಟಕ್ಕೆ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ವಿದ್ಯುತ್ ಬೇಡ. ಅಂಗಳದ ಟಾಂಕಿಗೆ ಅಥವಾ ತೋಟದ ಕೆರೆಗೆ ನೀರು ಬಂದು ಬೀಳುತ್ತದೆ. ಮನೆಯ ಅಡುಗೆಗೂ ಅಡಿಕೆ ಮರಕ್ಕೂ ಅದೇ ನೀರು.

ಆದರೆ ಸುರಂಗ ಕೊರೆದವರ ಕೈಯಲ್ಲಿ ಗುಡ್ಡೆಯ ನೆತ್ತಿ ಇರಲಿಲ್ಲ. ಅಲ್ಲಿ ಬೆಳೆದದ್ದು ಗೇರು ತೋಪು.

ಆಕಾಶದಿಂದ ಬಂದ ಮದ್ದು

ಕೇರಳ ಸರಕಾರದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ ಜಿಲ್ಲೆಯ ಗುಡ್ಡೆಗಳಲ್ಲಿ ಸುಮಾರು 4,600 ಹೆಕ್ಟೇರ್ ಗೇರು ತೋಪು ನಡೆಸುತ್ತಿತ್ತು. ಗೇರಿನ ಚಿಗುರು, ಹೂವಿನ ರಸ ಹೀರಿ ಒಣಗಿಸುವ ಟೀ ಸೊಳ್ಳೆ ಎಂಬ ಕೀಟದ ಕಾಟಕ್ಕೆಂದು 1970ರ ದಶಕದ ಕೊನೆಯ ಭಾಗದಿಂದ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಣೆ ಆರಂಭವಾಯಿತು. ವರ್ಷಕ್ಕೆ ಎರಡು, ಮೂರು ಬಾರಿಯಂತೆ 2000ದ ಡಿಸೆಂಬರ್‌ವರೆಗೆ ಇದು ಮುಂದುವರಿಯಿತು.

ವೈಮಾನಿಕ ಸಿಂಪಡಣೆಗೆ ನಿಯಮಗಳಿದ್ದವು. ಹೆಲಿಕಾಪ್ಟರ್ ಮರದ ತುದಿಯಿಂದ ಎರಡು ಮೂರು ಮೀಟರಿಗಿಂತ ಮೇಲೆ ಹಾರಬಾರದು. ಬಾವಿ, ಕೆರೆಗಳನ್ನು ಮುಚ್ಚಬೇಕು. ಜನರಿಗೆ ಮುಂಚಿತವಾಗಿ ತಿಳಿಸಬೇಕು. ಸಮತಟ್ಟಾದ ವಿಶಾಲ ಹೊಲಕ್ಕೆ ಇದು ಸರಿಹೋದೀತು. ಏರಿಳಿತದ ಗುಡ್ಡೆಗಳ ನಡುವೆ ಅಷ್ಟು ಕೆಳಗೆ ಹಾರುವುದು ಕಷ್ಟ, ಎತ್ತರಕ್ಕೆ ಹೋದಷ್ಟೂ ಮದ್ದು ಗಾಳಿಗೆ ಹಾರಿ ಕಣಿವೆಗೆ ಇಳಿಯುತ್ತದೆ. ಬಾವಿಗೆ ಮಡಲು ಮುಚ್ಚಬಹುದು, ಆದರೆ ಹರಿಯುವ ತೋಡಿಗೆ ಏನು ಮುಚ್ಚುವುದು? ಸುರಂಗದ ಮೇಲಿರುವ ಇಡೀ ಗುಡ್ಡೆಗೆ ಏನು ಮುಚ್ಚುವುದು? ನಿಯಮವನ್ನು ಬರೆದವರು ಈ ನೆಲವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈ ವಿಷದ ಗುಣವನ್ನೂ ತಿಳಿಯಬೇಕು. ಎಂಡೋಸಲ್ಫಾನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅದು ಮಣ್ಣಿನ ಕಣಕ್ಕೆ, ತರಗೆಲೆಗೆ ಅಂಟಿಕೊಳ್ಳುತ್ತದೆ. ಮಳೆಗಾಲದ ನಂತರ, ಗೇರು ಚಿಗುರಿ ಹೂ ಬಿಡುವ ಹೊತ್ತಿನಲ್ಲಿ ಸಿಂಪಡಿಸಿದ ಮದ್ದಿನ ಶೇಷ ಮಣ್ಣಿನಲ್ಲಿ ಕುಳಿತಿದ್ದು, ಜೂನ್ ತಿಂಗಳ ಮೊದಲ ಜಡಿಮಳೆಗೆ ಕೆಂಪು ಕೆಸರಿನೊಂದಿಗೆ ತೋಡಿಗೆ ಇಳಿಯುತ್ತದೆ. ಹೊಳೆಯ ತಳದ ಹೂಳಿನಲ್ಲಿ ಸೇರಿಕೊಳ್ಳುತ್ತದೆ. ಮಣ್ಣಿನಲ್ಲಿ ಅದು ಒಡೆದಾಗ ಉಂಟಾಗುವ ಎಂಡೋಸಲ್ಫಾನ್ ಸಲ್ಫೇಟ್ ಎಂಬ ಪದಾರ್ಥವೂ ವಿಷವೇ, ಮತ್ತು ಅದು ಮೂಲ ಮದ್ದಿಗಿಂತ ಹೆಚ್ಚು ಕಾಲ ಬಾಳುತ್ತದೆ. ಮೀನುಗಳಿಗಂತೂ ಅತ್ಯಲ್ಪ ಪ್ರಮಾಣವೂ ಮಾರಕ. ಆದ್ದರಿಂದ ಇಂತಹ ಕಡೆ ನೀರನ್ನು ಮಾತ್ರ ಪರೀಕ್ಷೆ ಮಾಡಿ 'ಏನೂ ಇಲ್ಲ' ಎಂದರೆ ಅರ್ಧ ಉತ್ತರ ಮಾತ್ರ. ಹೂಳನ್ನೂ ಮಣ್ಣನ್ನೂ ಪರೀಕ್ಷಿಸಬೇಕು.

ಮೊದಲು ಕಂಡವರು ಊರಿನವರೇ

ಈ ಊರಿಗೆ ಏನೋ ಆಗಿದೆ ಎಂದು ಮೊದಲು ಗುರುತಿಸಿದ್ದು ದೊಡ್ಡ ಪ್ರಯೋಗಾಲಯಗಳಲ್ಲ. ಪಡ್ರೆ ಗ್ರಾಮದ ಪತ್ರಕರ್ತ ಶ್ರೀಪಡ್ರೆ ಅಂಗವೈಕಲ್ಯದಿಂದ ಹುಟ್ಟಿದ ಕರುಗಳ ವಿಷಯವನ್ನು 1980ರ ಆಸುಪಾಸಿನಲ್ಲೇ ಬರೆದಿದ್ದರು. ವಾಣೀನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನ ನ್ಯೂನತೆ, ಕ್ಯಾನ್ಸರ್ ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿ, 1990ರ ದಶಕದಲ್ಲಿ ವೈದ್ಯಲೋಕದ ಗಮನಕ್ಕೆ ತಂದರು. ಕೊಡೆಂಕಿರಿ ತೋಡಿನ ಆಸುಪಾಸಿನ ಮನೆಗಳು, ಅಲ್ಲಿನ ಸ್ವರ್ಗ ಎಂಬ ಊರಿನ ಹೆಸರು ದೇಶಕ್ಕೆಲ್ಲ ತಿಳಿದದ್ದು ಹೀಗೆ. ಜಿಲ್ಲೆಯ ದಕ್ಷಿಣ ಭಾಗದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆ ತಂದರು. ಕೆಳ ನ್ಯಾಯಾಲಯದ ಒಂದು ಆದೇಶ ದೊಡ್ಡ ಹೋರಾಟಕ್ಕೆ ಬಲ ಕೊಟ್ಟಿತು.

2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯಿಂದ ತಂದ ನೀರು, ಮಣ್ಣು, ಹಾಲು, ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಶೇಷ ಇದೆಯೆಂದು ವರದಿ ಮಾಡಿತು. ಕೀಟನಾಶಕ ಉದ್ಯಮ ಇದನ್ನು ಒಪ್ಪಲಿಲ್ಲ. ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನ ನಡೆಸಿತು. ಗೇರು ತೋಪಿನ ಕೆಳಗಿನ ಊರಿನ 10ರಿಂದ 19 ವರ್ಷದ 117 ಬಾಲಕರನ್ನು, ಸಿಂಪಡಣೆ ನಡೆಯದ ಊರಿನ 90 ಬಾಲಕರೊಂದಿಗೆ ಹೋಲಿಸಿತು. ತೋಪಿನ ಕೆಳಗಿನ ಊರಿನ ಬಾಲಕರಲ್ಲಿ ಶೇ. 78 ಮಂದಿಯ ರಕ್ತದಲ್ಲಿ ಎಂಡೋಸಲ್ಫಾನ್ ಪತ್ತೆಯಾದರೆ, ಇನ್ನೊಂದು ಊರಿನಲ್ಲಿ ಅದು ಶೇ. 29. ಬಾಲಕರ ಪ್ರಾಯದ ಬೆಳವಣಿಗೆ ತಡವಾಗುತ್ತಿದೆ ಎಂಬುದನ್ನೂ ಸಂಸ್ಥೆ ದಾಖಲಿಸಿತು. ಈ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಸಿಂಪಡಣೆ ನಿಂತು ತಿಂಗಳುಗಳು ಕಳೆದ ಮೇಲೆ ತೆಗೆದ ರಕ್ತ ಅದು ಎಂಬುದು ಗಮನಾರ್ಹ.

ಎಲ್ಲ ಸಮಿತಿಗಳೂ ಒಂದೇ ಮಾತು ಹೇಳಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2001ರಲ್ಲಿ ಅಚ್ಯುತನ್ ಸಮಿತಿ ಸಿಂಪಡಣೆ ನಿಲ್ಲಿಸಬೇಕೆಂದು ಶಿಫಾರಸು ಮಾಡಿದರೆ, ನಂತರ ಬಂದ ದುಬೆ ಸಮಿತಿ ಮತ್ತು ಮಾಯಿ ಸಮಿತಿಗಳು ಕಾಯಿಲೆಗೂ ಎಂಡೋಸಲ್ಫಾನಿಗೂ ಸಂಬಂಧ ಸಿಕ್ಕಿಲ್ಲ ಎಂದವು. ಒಬ್ಬೊಬ್ಬ ರೋಗಿಯ ಕಾಯಿಲೆಗೆ ಇದೇ ಕಾರಣವೆಂದು ತೋರಿಸುವುದು ವೈದ್ಯಶಾಸ್ತ್ರಕ್ಕೆ ಸುಲಭವಲ್ಲ. ಆದರೆ ಕುಡಿಯುವ ನೀರಿನ ಮೂಲದ ಮೇಲೆ ವಿಷ ಸುರಿಯಬಾರದು ಎನ್ನಲು ಅಷ್ಟು ಪುರಾವೆ ಬೇಕಾಗಿಲ್ಲ.

ತಡೆ ಬಿದ್ದದ್ದು ಹಂತ ಹಂತವಾಗಿ

ವೈಮಾನಿಕ ಸಿಂಪಡಣೆ 2000ದಲ್ಲಿ ನಿಂತಿತು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನನ್ನು ನಿಷೇಧಿಸಿತು. ಅಲ್ಲಿಯೂ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಗೇರು ತೋಪುಗಳ ಸುತ್ತ ಇದೇ ಕತೆ ನಡೆದಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ನಡೆದ ಸ್ಟಾಕ್‌ಹೋಮ್ ಒಡಂಬಡಿಕೆಯ ಸಭೆ, ಜಗತ್ತಿನಿಂದ ತೊಲಗಿಸಬೇಕಾದ ರಾಸಾಯನಿಕಗಳ ಪಟ್ಟಿಗೆ ಎಂಡೋಸಲ್ಫಾನನ್ನು ಸೇರಿಸಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಹಿಡಿಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2017ರ ಜನವರಿಯಲ್ಲಿ ಆದೇಶಿಸಿದ ಅದೇ ನ್ಯಾಯಾಲಯ, ಹಣ ಬಹುಪಾಲು ಜನರಿಗೆ ತಲುಪಿಲ್ಲವೆಂದು 2022ರಲ್ಲಿ ಕೇರಳ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಜಿಲ್ಲೆಯ 11 ಪಂಚಾಯತುಗಳು ಈ ಯೋಜನೆಯ ವ್ಯಾಪ್ತಿಯಲ್ಲಿವೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರುಗಳಲ್ಲಿ ಕನ್ನಡ ಮಾತಾಡುವವರು ಬಹಳ ಮಂದಿ.

ಮದ್ದು ಬೀಳುವುದು ನಿಂತ ಮೇಲೆ ಮಣ್ಣು ತನ್ನ ಕೆಲಸ ಮಾಡುತ್ತದೆ. ಬಿಸಿಲು, ಸೂಕ್ಷ್ಮಜೀವಿಗಳು, ವರ್ಷ ವರ್ಷದ ಮಳೆ ಸೇರಿ ಶೇಷವನ್ನು ಕಡಿಮೆ ಮಾಡುತ್ತ ಹೋಗುತ್ತವೆ. ಆದರೆ ಇದಕ್ಕೆ ತಿಂಗಳುಗಳಲ್ಲ, ವರ್ಷಗಳು ಬೇಕು. ಸಿಂಪಡಣೆ ನಿಂತು ದಶಕವಾದ ಮೇಲೂ ಕೋಯಿಕ್ಕೋಡಿನ ಜಲಸಂಪನ್ಮೂಲ ಕೇಂದ್ರದ ವಿಜ್ಞಾನಿಗಳಿಗೆ ಜಿಲ್ಲೆಯ ಮಣ್ಣು ಮತ್ತು ಹೂಳಿನಲ್ಲಿ ಅದರ ಶೇಷ ಸಿಕ್ಕಿತ್ತು. ಇಂತಹ ಹೂಳನ್ನು ಒಮ್ಮೆಲೇ ಕೆದಕಿ ತೆಗೆಯುವುದೂ ಅಪಾಯವೇ, ಕುಳಿತ ವಿಷ ಮತ್ತೆ ನೀರಿಗೆ ಏಳುತ್ತದೆ.

ಡ್ರಮ್ಮುಗಳ ಪ್ರಶ್ನೆ

ಮಣ್ಣಿನಲ್ಲಿ ಹರಡಿದ ವಿಷ ಕ್ರಮೇಣ ಕರಗೀತು. ಆದರೆ ಡ್ರಮ್ಮಿನಲ್ಲಿ ಒಂದೇ ಕಡೆ ನಿಂತ ವಿಷ ಹಾಗಲ್ಲ. ಸಿಂಪಡಣೆ ನಿಂತಾಗ ಉಳಿದ ಎಂಡೋಸಲ್ಫಾನ್ ಸಾವಿರಕ್ಕೂ ಹೆಚ್ಚು ಲೀಟರ್ ಪ್ಲಾಂಟೇಶನ್ನಿನ ಗೋದಾಮುಗಳಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಹಳೆಯ ಪೀಪಾಯಿಗಳು ತುಕ್ಕು ಹಿಡಿದು ಸೋರತೊಡಗಿದಾಗ, 2012ರಲ್ಲಿ ಅದನ್ನು ಹೊಸ ಗಟ್ಟಿ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ವರ್ಗಾಯಿಸಲಾಯಿತು. ಸೋರಿಕೆ ತಡೆಯಲು ಇದು ಅಗತ್ಯವಾಗಿತ್ತು. ಆದರೆ ಡ್ರಮ್ ಬದಲಾದ ಮಾತ್ರಕ್ಕೆ ವಿಷ ಇಲ್ಲವಾಗುವುದಿಲ್ಲ.

ಇದನ್ನು ನಾಶ ಮಾಡಲು ತಿಳಿದ ದಾರಿಗಳು ಮುಖ್ಯವಾಗಿ ಎರಡು. ಒಂದು, ವಿಶೇಷ ಕುಲುಮೆಯಲ್ಲಿ ಅತಿ ಹೆಚ್ಚು ಉಷ್ಣತೆಯಲ್ಲಿ ಸುಡುವುದು. ಇನ್ನೊಂದು, ಕ್ಷಾರ ಸೇರಿಸಿ ಕಡಿಮೆ ವಿಷದ ಪದಾರ್ಥವಾಗಿ ಒಡೆಯುವುದು. ಎರಡೂ ಪರಿಣತರ ಕೈಯಲ್ಲಿ, ಕಟ್ಟುನಿಟ್ಟಿನ ನಿಗಾದಲ್ಲಿ ಆಗಬೇಕಾದ ಕೆಲಸ. ಬಯಲಲ್ಲಿ ಸುಡುವುದು, ಹೊಂಡ ತೋಡಿ ಹೂಳುವುದು ದಾರಿಯೇ ಅಲ್ಲ. ಮುರಕಲ್ಲಿನ ನೆಲದಲ್ಲಿ ಹೂತದ್ದು ಅಲ್ಲೇ ನಿಲ್ಲುವುದಿಲ್ಲ.

ಈ ಕಾರಣಕ್ಕೇ ಕರ್ನಾಟಕದ ಗಡಿಗೆ ಸಮೀಪದ ಮಿಂಚಿಪದವಿನ ಗೇರು ತೋಪಿನ ಹಾಳು ಬಾವಿಗೆ ಉಳಿಕೆ ಎಂಡೋಸಲ್ಫಾನ್ ಸುರಿಯಲಾಗಿದೆ ಎಂಬ ದೂರು ಎರಡೂ ರಾಜ್ಯಗಳ ಜನರ ಆತಂಕಕ್ಕೆ ಕಾರಣವಾಯಿತು. ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2023ರ ಕೊನೆಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಂಡ ಸ್ಥಳಕ್ಕೆ ಬಂದು ಮಾದರಿ ಸಂಗ್ರಹಿಸಿತು. ಸಿಂಪಡಣೆ ನಿಂತು 23 ವರ್ಷವಾದ ಮೇಲೂ ಒಂದು ಹಾಳು ಬಾವಿಯ ತಳದಲ್ಲಿ ಏನಿದೆ ಎಂದು ಜನ ಕೇಳಬೇಕಾಗಿ ಬಂತು. ಉಳಿದ ಮದ್ದಿನ ಲೆಕ್ಕ ಸಿಂಪಡಣೆ ನಿಂತ ದಿನವೇ ಊರಿನೆದುರು ಇಟ್ಟಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಈಗ ಊರಿನ ಕೈಯಲ್ಲಿರುವುದು

ಎಂಡೋಸಲ್ಫಾನ್ ಹೋದರೂ ಬೇರೆ ಮದ್ದುಗಳು ಇವೆ. 2011ರಲ್ಲಿ ಕೇರಳ ಸರಕಾರ 14 ಅತಿ ವಿಷಕಾರಿ ಕೃಷಿ ರಾಸಾಯನಿಕಗಳನ್ನು, 2019ರಲ್ಲಿ ಗ್ಲೈಫೋಸೇಟ್ ಎಂಬ ಕಳೆನಾಶಕದ ಮಾರಾಟವನ್ನು ನಿಷೇಧಿಸಿತು. ಆದರೆ ಗಡಿ ದಾಟಿ ಮದ್ದು ತರುವುದಕ್ಕೆ ಅರ್ಧ ಗಂಟೆಯ ಬಸ್ ಪ್ರಯಾಣ ಸಾಕಾಗುವ ಊರುಗಳಲ್ಲಿ, ಆದೇಶಕ್ಕಿಂತ ಊರಿನವರ ತಿಳುವಳಿಕೆಯೇ ಹೆಚ್ಚು ಕೆಲಸ ಮಾಡುತ್ತದೆ.

ಮಾಡಬಹುದಾದದ್ದು ದೊಡ್ಡ ಖರ್ಚಿನದ್ದಲ್ಲ. ಸುರಂಗದ ಮೇಲ್ಭಾಗದ ಗುಡ್ಡೆಗೆ ಮದ್ದು ಹೊಡೆಯದಿರುವುದು. ತೋಡಿನ ಎರಡೂ ಬದಿ ಪೊದೆ, ಹುಲ್ಲು, ಮುಂಡುಗ ಬೆಳೆಯಲು ಬಿಡುವುದು, ಕೊಚ್ಚಿ ಬರುವ ಮಣ್ಣು ಅಲ್ಲಿ ನಿಂತರೆ ಅದಕ್ಕೆ ಅಂಟಿದ ವಿಷವೂ ಅಲ್ಲೇ ನಿಲ್ಲುತ್ತದೆ. ಸಿಂಪಡಣೆಯ ಪಂಪನ್ನು ತೋಡಿನಲ್ಲಿ ತೊಳೆಯದಿರುವುದು, ಖಾಲಿ ಡಬ್ಬಿಯನ್ನು ಹೊಳೆಗೆ ಎಸೆಯದಿರುವುದು. ಮಳೆ ಬರುವ ಲಕ್ಷಣ ಇರುವಾಗ ಮದ್ದು ಬಿಡದಿರುವುದು. ಗೇರಿನ ಟೀ ಸೊಳ್ಳೆಗೆ ಎಲೆ ಹೆಣೆದು ಗೂಡು ಕಟ್ಟುವ ಕೆಂಪು ಇರುವೆಯೇ ಶತ್ರು. ಕಚ್ಚುತ್ತದೆಂದು ಅದರ ಗೂಡಿಗೆ ಬೆಂಕಿ ಇಡುವ ಬದಲು ಮರದಲ್ಲಿ ಉಳಿಸಿಕೊಂಡರೆ ಮದ್ದಿನ ಖರ್ಚೂ ಉಳಿಯುತ್ತದೆ.

ಪಂಚಾಯತುಗಳ ಪಾಲಿನ ಕೆಲಸವೂ ಇದೆ. ಮೊದಲ ಮಳೆಯ ಬೆನ್ನಿಗೇ ತೋಡು, ಸುರಂಗಗಳ ನೀರು ಮತ್ತು ಹೂಳಿನ ಮಾದರಿ ತೆಗೆಸಿ, ಫಲಿತಾಂಶವನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಒಂದೇ ಹೊಳೆಗೆ ನೀರು ಕಳಿಸುವ ಪಂಚಾಯತುಗಳು, ಗಡಿಯಾಚೆಯವು ಸಹಿತ, ವರ್ಷಕ್ಕೊಮ್ಮೆಯಾದರೂ ಒಟ್ಟಿಗೆ ಕುಳಿತು ಮೇಲಿನ ಗುಡ್ಡೆಗಳಲ್ಲಿ ಯಾರು ಯಾವ ಮದ್ದು ಬಳಸುತ್ತಿದ್ದಾರೆ ಎಂದು ಕೇಳಬೇಕು. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಜಿಲ್ಲೆಯಲ್ಲಿ ಆ ಪ್ರಶ್ನೆ ಕೇಳಲು ಒಂದು ಸಭೆಯೇ ಇರಲಿಲ್ಲ. ಅದರ ಬೆಲೆಯನ್ನು ಕೆಳಗಿನ ಮನೆಗಳ ಮಕ್ಕಳು ತೆರುತ್ತಿದ್ದಾರೆ.