ಟ್ರಂಪೆಟ್ಟಿನ ತಾರ ಸಪ್ತಕ ಮತ್ತು ಮೌತ್‌ಪೀಸಿನ ಆಯ್ಕೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಜಾತ್ರೆ, ಮದುವೆ ಮೆರವಣಿಗೆಗಳಲ್ಲಿ ಕೇಳಿಬರುವ ಊದುವ ವಾದ್ಯಗಳನ್ನು ನಾದ ಹುಟ್ಟುವ ಬಗೆಗೆ ಅನುಸಾರವಾಗಿ ಎರಡು ಗುಂಪು ಮಾಡಬಹುದು. ಕರಡಿ ಮಜಲಿನೊಂದಿಗೆ ನುಡಿಯುವ ಸನಾದಿಯಲ್ಲಿ, ಅಂದರೆ ಶಹನಾಯಿಯಲ್ಲಿ, ವಾದ್ಯದ ತುದಿಗೆ ಸಿಕ್ಕಿಸಿದ ತೆಳು ಎಸಳುಗಳು ಗಾಳಿಗೆ ಕಂಪಿಸಿ ನಾದ ಹುಟ್ಟಿಸುತ್ತವೆ. ಪಲ್ಲಕ್ಕಿಯ ಮುಂದೆ ಊದುವ ಕೊಂಬು ಕಹಳೆಗಳಲ್ಲಿ ಮತ್ತು ಬ್ಯಾಂಡಿನ ಟ್ರಂಪೆಟ್ಟಿನಲ್ಲಿ ಅಂಥ ಎಸಳೇ ಇಲ್ಲ, ಕಂಪಿಸುವುದು ವಾದಕನ ತುಟಿಗಳೇ. ಸನಾದಿಯ ಎಸಳು ಸವೆದರೆ ಹೊಸದನ್ನು ಹಾಕಿಕೊಳ್ಳಬಹುದು; ಟ್ರಂಪೆಟ್ ವಾದಕನಿಗೆ ಆ ಅನುಕೂಲವಿಲ್ಲವಾದ್ದರಿಂದ, ಎತ್ತರದ ಸ್ವರಗಳ ಸಾಧನೆಯನ್ನೂ ಮೌತ್‌ಪೀಸಿನ ಆಯ್ಕೆಯನ್ನೂ ತುಟಿಯ ಆರೋಗ್ಯವನ್ನು ಮುಂದಿಟ್ಟುಕೊಂಡೇ ವಿಚಾರಿಸಬೇಕಾಗುತ್ತದೆ.

ಸಾಮಾನ್ಯ ಬಳಕೆಯ ಬಿ ಫ್ಲ್ಯಾಟ್ ಟ್ರಂಪೆಟ್ಟಿನ ಸುರುಳಿಯನ್ನು ಬಿಚ್ಚಿ ನೇರಗೊಳಿಸಿದರೆ ಕೊಳವೆಯ ಉದ್ದ ಸುಮಾರು 148 ಸೆಂಟಿಮೀಟರ್ ಆಗುತ್ತದೆ. ಈ ಕೊಳವೆಯೊಳಗಿನ ಗಾಳಿ ತನಗೆ ಒಗ್ಗುವ ಕೆಲವೇ ಕಂಪನಾಂಕಗಳಿಗೆ ಬಲವಾಗಿ ಸ್ಪಂದಿಸುತ್ತದೆ. ಇದಕ್ಕೆ ಅನುರಣನ ಎಂದು ಹೆಸರು. ವಾಲ್ವ್‌ಗಳನ್ನು, ಅಂದರೆ ಗಾಳಿಯ ಹಾದಿಗೆ ಹೆಚ್ಚುವರಿ ಕೊಳವೆಯನ್ನು ಸೇರಿಸುವ ಗುಂಡಿಗಳನ್ನು, ಒತ್ತದೆಯೇ ಊದಿದಾಗ 466 ಹರ್ಟ್ಸ್‌ನ ಸ್ವರವನ್ನು ಷಡ್ಜವೆಂದು ಹಿಡಿದರೆ, ಅದರ ಕೆಳಗೆ ಮಂದ್ರ ಸಪ್ತಕದ ಷಡ್ಜ ಮತ್ತು ಪಂಚಮಗಳೂ, ಅದರ ಮೇಲೆ 583ರಲ್ಲಿ ಶುದ್ಧ ಗಾಂಧಾರ, 699ರಲ್ಲಿ ಪಂಚಮ, ಬಳಿಕ ಕೋಮಲ ನಿಷಾದಕ್ಕಿಂತ ತುಸು ಇಳಿದ ಒಂದು ಸ್ವರ, 932ರಲ್ಲಿ ತಾರ ಷಡ್ಜ ದೊರೆಯುತ್ತವೆ. ವಾಲ್ವ್ ಇಲ್ಲದ ಕಹಳೆಗೆ ಇಂಥ ಮೆಟ್ಟಿಲುಗಳಷ್ಟೇ ಗತಿ. ಟ್ರಂಪೆಟ್ಟಿಗೆ 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ವಾಲ್ವ್‌ಗಳು ಬಂದ ಮೇಲೆಯೇ ನಡುವಿನ ಸ್ವರಗಳೆಲ್ಲ ಕೈಗೆಟುಕಿದವು.

ಎತ್ತರದ ಸ್ವರಗಳು ಏಕೆ ಕಠಿಣ ಎಂಬುದಕ್ಕೆ ಉತ್ತರ ಈ ಮೆಟ್ಟಿಲುಗಳಲ್ಲೇ ಇದೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಇರುವ ಅಂತರ ಎಲ್ಲೆಡೆಯೂ ಸುಮಾರು 117 ಹರ್ಟ್ಸ್. ಮಧ್ಯ ಷಡ್ಜದಿಂದ ಗಾಂಧಾರಕ್ಕೆ ಏರಲು ಕಂಪನಾಂಕವು ಕಾಲು ಭಾಗದಷ್ಟು ಹೆಚ್ಚಬೇಕಾದರೆ, ತಾರ ಷಡ್ಜದಿಂದ ತಾರ ಋಷಭಕ್ಕೆ ಎಂಟನೆಯ ಒಂದು ಭಾಗ ಹೆಚ್ಚಿದರೆ ಸಾಕು. ಹೀಗಾಗಿ ತುಟಿಯ ಬಿಗಿತ ಅಷ್ಟಿಷ್ಟು ತಪ್ಪಿದರೂ ಸ್ವರ ಪಕ್ಕದ ಮೆಟ್ಟಿಲಿಗೆ ಜಾರುತ್ತದೆ. ಇದಲ್ಲದೆ, ತಗ್ಗಿನ ಸ್ವರಗಳಲ್ಲಿ ವಾದ್ಯದ ಅಗಲವಾದ ಬಾಯಿಯ ಬಳಿ ತಲುಪಿದ ಧ್ವನಿ ತರಂಗದ ಹೆಚ್ಚಿನ ಪಾಲು ಹಿಂದಕ್ಕೆ ಪ್ರತಿಫಲಿಸಿ ತುಟಿಯ ಕಂಪನಕ್ಕೆ ಆಸರೆಯಾಗುತ್ತದೆ, ಆದರೆ ಸುಮಾರು 1,500 ಹರ್ಟ್ಸ್ ದಾಟಿದ ಮೇಲೆ ಬಹುಪಾಲು ನೇರವಾಗಿ ಹೊರಗೆ ಹೋಗಿಬಿಡುವುದರಿಂದ ಆ ಆಸರೆ ತಪ್ಪುತ್ತದೆ. ತಾರ ಪಂಚಮದ ಆಚೆ ವಾದಕ ತನ್ನ ತುಟಿಯ ಹತೋಟಿಯೊಂದನ್ನೇ ನೆಚ್ಚಬೇಕು.

ಸ್ವರ ಏರಿದಂತೆ ತುಟಿಯ ಕಂಪಿಸುವ ಭಾಗ ಕಿರಿದಾಗಬೇಕು, ಬಿಗಿಯಾಗಬೇಕು, ಬಾಯೊಳಗಿನ ಗಾಳಿಯ ಒತ್ತಡ ಹೆಚ್ಚಬೇಕು. ಇಲ್ಲಿ ಒತ್ತಡ ಮತ್ತು ಪ್ರಮಾಣ ಎರಡನ್ನೂ ಒಂದೇ ಎಂದು ತಿಳಿಯುವ ತಪ್ಪು ವ್ಯಾಪಕವಾಗಿದೆ. ವಾಸ್ತವವಾಗಿ ಎತ್ತರದ ಸ್ವರಗಳಿಗೆ ಒತ್ತಡ ಹೆಚ್ಚು ಬೇಕು, ಹರಿಯುವ ಗಾಳಿ ಮಾತ್ರ ಕಡಿಮೆ. ಎತ್ತರದ, ಗಟ್ಟಿಯಾದ ಸ್ವರಗಳಲ್ಲಿ ಬಾಯೊಳಗಿನ ಒತ್ತಡ 20 ಕಿಲೋಪಾಸ್ಕಲ್ ಮೀರಬಹುದಾಗಿದ್ದು, ಆರೋಗ್ಯವಂತನ ಮೇಲಿನ ರಕ್ತದೊತ್ತಡವಾದ 120 ಮಿಲಿಮೀಟರ್ ಪಾದರಸವು ಸುಮಾರು 16 ಕಿಲೋಪಾಸ್ಕಲ್ಲಿಗೆ ಸಮ ಎಂಬುದನ್ನು ನೆನೆದರೆ, ದೀರ್ಘವಾದ ತಾರ ಸ್ವರ ಹಿಡಿದಾಗ ಕೆಲವರಿಗೆ ತಲೆ ಸುತ್ತುವುದೇಕೆಂದು ತಿಳಿಯುತ್ತದೆ: ಎದೆಯೊಳಗೂ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ತಾತ್ಕಾಲಿಕವಾಗಿ ಕಡಿಮೆಯಾಗುತ್ತದೆ.

ತುಟಿಯನ್ನು ಬಿಗಿಗೊಳಿಸುವ ಶಕ್ತಿ ಸಾಲದಾದಾಗ ವಾದಕ ಮೌತ್‌ಪೀಸನ್ನು ಮುಖಕ್ಕೆ ಒತ್ತಿ ಆ ಕೊರತೆ ತುಂಬಲು ಹವಣಿಸುತ್ತಾನೆ. ಸ್ವಲ್ಪ ಒತ್ತು ನುರಿತವರಿಗೂ ಬೇಕು; ಅದು ಅತಿಯಾದರೆ ತುಟಿಯಲ್ಲಿ ರಕ್ತ ಸಂಚಾರಕ್ಕೆ ತಡೆಯಾಗಿ ಮೊದಲು ಮರಗಟ್ಟುತ್ತದೆ, ಬಳಿಕ ಬಾಯುತ್ತದೆ. ಬಾಯಿಯನ್ನು ಸುತ್ತುವರಿದ ವೃತ್ತಾಕಾರದ ಸ್ನಾಯು ಹರಿಯುವ ತೊಂದರೆಗೆ, ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಅಡ್ಡಹೆಸರಿನಿಂದ ಸ್ಯಾಚ್ಮೋ ಸಿಂಡ್ರೋಮ್ ಎಂಬ ಹೆಸರು 1982ರಲ್ಲಿ ವೈದ್ಯಕೀಯ ಬರಹಕ್ಕೆ ಬಂದಿತು. ಆರ್ಮ್‌ಸ್ಟ್ರಾಂಗ್ ಅವರಂಥ ಮೇರು ವಾದಕರೂ ತುಟಿಯ ಗಾಯದಿಂದ ನರಳಿದ್ದರೆಂಬುದು ಈ ಕಲೆಯನ್ನು ಕಲಿಯುವ ಹುಡುಗರಿಗೆ ಮೊದಲ ಪಾಠದಲ್ಲೇ ತಿಳಿಯಬೇಕಾದ ಸಂಗತಿ.

ಮೌತ್‌ಪೀಸಿಗೆ ನಾಲ್ಕು ಭಾಗಗಳಿವೆ: ತುಟಿ ತಾಗುವ ಅಂಚು, ಅದರೊಳಗಿನ ಬಟ್ಟಲು, ಬಟ್ಟಲಿನ ತಳದಲ್ಲಿರುವ ಸುಮಾರು 3.7 ಮಿಲಿಮೀಟರ್ ಅಗಲದ ಕಿರುರಂಧ್ರ, ಅಲ್ಲಿಂದ ಹಿಗ್ಗುತ್ತ ಕೊಳವೆಗೆ ಕೂಡುವ ಹಿಂಭಾಗ. ಮೌತ್‌ಪೀಸನ್ನು ಕೈಯಲ್ಲಿ ಹಿಡಿದು ಅಂಚಿಗೆ ಅಂಗೈಯಿಂದ ತಟ್ಟಿದರೆ ಕೇಳುವ ‘ಪಪ್’ ಎಂಬ ಸದ್ದು ಅದರದೇ ಅನುರಣನವಾಗಿದ್ದು, ಬಟ್ಟಲು ಆಳವಿಲ್ಲದಿದ್ದರೆ ಆ ಸದ್ದಿನ ಎತ್ತರ ಹೆಚ್ಚಿರುತ್ತದೆ. ಅಂಥ ಬಟ್ಟಲು ನಾದದ ಮೇಲಿನ ಅಂಶಗಳಿಗೆ ಒತ್ತಾಸೆ ಕೊಟ್ಟು ಧ್ವನಿಯನ್ನು ಚುರುಕುಗೊಳಿಸುತ್ತದೆ. ಆಳದ ಬಟ್ಟಲು ಅದನ್ನು ಗಂಭೀರಗೊಳಿಸುತ್ತದೆ. ಬಾಕ್ ಕಂಪನಿಯ ಪದ್ಧತಿಯಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಒಳವ್ಯಾಸ ಹಿರಿದು, ಅಕ್ಷರವು ಎ ಇಂದ ಮುಂದೆ ಹೋದಷ್ಟೂ ಬಟ್ಟಲು ಆಳ ಕಡಿಮೆ. ಯಮಾಹಾದಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಸಂಖ್ಯೆ ಏರಿದಂತೆ ವ್ಯಾಸವೂ ಏರುತ್ತದೆ. ಬಾಕ್ 7ಸಿಯ ಒಳವ್ಯಾಸ 16.2 ಮಿಲಿಮೀಟರ್, ಒಂದೂವರೆ ಸಿಯದು 17. ಕಣ್ಣಿಗೆ ಕಾಣದಷ್ಟೇ ವ್ಯತ್ಯಾಸವೆನಿಸಿದರೂ ಅಂಚಿನೊಳಗಿನ ವಿಸ್ತೀರ್ಣ ಶೇಕಡ 10ರಷ್ಟು ಹೆಚ್ಚುತ್ತದೆ, ಅಷ್ಟು ಹೆಚ್ಚಿನ ತುಟಿಯನ್ನು ಸ್ನಾಯು ಹತೋಟಿಯಲ್ಲಿಡಬೇಕಾಗುತ್ತದೆ.

ಆಳವಿಲ್ಲದ ಬಟ್ಟಲಿನ ಮೌತ್‌ಪೀಸ್ ಕೊಂಡರೆ ತಾರ ಸಪ್ತಕ ತಾನೇ ಕೈವಶವಾಗುತ್ತದೆಂಬ ನಂಬಿಕೆ ನಿಲ್ಲುವಂಥದ್ದಲ್ಲ. ಈಗಾಗಲೇ ಸಾಧಿಸಿದ ಸ್ವರವನ್ನು ಕಡಿಮೆ ದಣಿವಿನಿಂದ ಹೆಚ್ಚು ಹೊತ್ತು ಹಿಡಿಯಲು ಅದು ನೆರವಾಗುತ್ತದೆ, ಸಾಧಿಸದ ಸ್ವರವನ್ನು ಅದು ಕೊಡಲಾರದು. ದಪ್ಪ ತುಟಿಯವರಿಗಂತೂ ತುಟಿ ಬಟ್ಟಲಿನ ತಳಕ್ಕೆ ತಾಗಿ ನಾದವೇ ನಿಂತುಬಿಡಬಹುದು. ಕಲಿಯುವವನಿಗೆ 7ಸಿಯಂಥ ಮಧ್ಯಮ ಅಳತೆಯೇ ಸೂಕ್ತ. ಬಯಲಿನಲ್ಲಿ ಗಂಟೆಗಟ್ಟಲೆ ಊದುವ ಬ್ಯಾಂಡ್ ವಾದಕನಿಗೆ, ವ್ಯಾಸವನ್ನು ಬದಲಿಸದೆ ಬಟ್ಟಲಿನ ಆಳವನ್ನು ಮಾತ್ರ ಒಂದು ಹಂತ ಕಡಿಮೆ ಮಾಡಿ, ಅಂಚು ತುಸು ಅಗಲವಿರುವುದನ್ನು ಆರಿಸುವುದು ಲೇಸು, ಏಕೆಂದರೆ ಅಗಲವಾದ ಅಂಚು ಒತ್ತಡವನ್ನು ಹೆಚ್ಚಿನ ಜಾಗಕ್ಕೆ ಹಂಚುತ್ತದೆ. ಬೆಳ್ಳಿಯ ಲೇಪ ಸವೆದು ಹಿತ್ತಾಳೆ ಕಾಣುವ ಹಳೆಯ ಮೌತ್‌ಪೀಸ್ ತುಟಿಯಲ್ಲಿ ಉರಿ ತರಬಹುದು. ಕಾರ್ನೆಟ್ ಎಂಬ ಸೋದರ ವಾದ್ಯದ ಮೌತ್‌ಪೀಸಿನ ಬಾಲ ಸಣ್ಣದಾದ್ದರಿಂದ ಅದನ್ನು ಕಾಗದ ಸುತ್ತಿ ಟ್ರಂಪೆಟ್ಟಿಗೆ ಕೂರಿಸಿದರೆ ಮೇಲಿನ ಸ್ವರಗಳ ಶ್ರುತಿ ಕೆಡುತ್ತದೆ.

ಸಾಧನೆಯ ಕ್ರಮ ನಿಧಾನವಾದುದು. ಮೆಲುದನಿಯಲ್ಲಿ ದೀರ್ಘ ಸ್ವರ ಹಿಡಿಯುವುದು, ವಾಲ್ವ್ ಒತ್ತದೆ ತುಟಿಯಿಂದಲೇ ಷಡ್ಜ, ಗಾಂಧಾರ, ಪಂಚಮಗಳ ನಡುವೆ ಜಾರುವುದು, ಇಂದಿನ ಮೇಲಿನ ಸ್ವರ ಮೆತ್ತಗೆ ನುಡಿಯುವ ತನಕ ಅರ್ಧ ಸ್ವರವೂ ಮೇಲೇರದಿರುವುದು, ಊದಿದಷ್ಟೇ ಹೊತ್ತು ವಿಶ್ರಾಂತಿ ಕೊಡುವುದು ಇದರ ಅಂಗಗಳು. ಈ ಭಾಗದ ಮೆರವಣಿಗೆಗಳಲ್ಲಿ ಡಾಲ್ಬಿ ಎಂದೇ ಕರೆಯುವ ಧ್ವನಿವರ್ಧಕಗಳ ಅಬ್ಬರ ಹೆಚ್ಚಿದಂತೆ ಟ್ರಂಪೆಟ್ಟಿನವರು ಅದನ್ನು ಮೀರಿಸಲು ಎತ್ತರಕ್ಕೂ ಗಟ್ಟಿಗೂ ಒಮ್ಮೆಲೇ ಹೋಗುವುದು ತುಟಿಗೆ ದೊಡ್ಡ ಅಪಾಯ. ಏಪ್ರಿಲ್, ಮೇ ತಿಂಗಳ ಮದುವೆಗಳಲ್ಲಿ ಇನ್ನೊಂದು ತೊಡಕಿದೆ: ಕೊಳವೆಯೊಳಗಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಶ್ರುತಿ ಅರ್ಧ ಸ್ವರದ ಕಾಲು ಭಾಗಕ್ಕಿಂತ ತುಸು ಹೆಚ್ಚೇ ಏರುವುದರಿಂದ, ತುಟಿ ಸಡಿಲಿಸಿ ಅದನ್ನು ಇಳಿಸುವ ಬದಲು ಶ್ರುತಿಯ ಕೊಳವೆಯನ್ನು ಹೊರಗೆಳೆದುಕೊಳ್ಳಬೇಕು. ಒಂದು ಬ್ಯಾಂಡಿನಲ್ಲಿ ಇಬ್ಬರು ಟ್ರಂಪೆಟ್ ವಾದಕರಿದ್ದರೆ ಪಲ್ಲವಿಯನ್ನು ಒಬ್ಬರೂ ಚರಣವನ್ನು ಇನ್ನೊಬ್ಬರೂ ಹಂಚಿಕೊಳ್ಳುವುದರಿಂದ, ಮೆರವಣಿಗೆ ನಿಲ್ಲದೆಯೇ ಇಬ್ಬರ ತುಟಿಗೂ ರಕ್ತ ಮರಳುವಷ್ಟು ಬಿಡುವು ಸಿಗುತ್ತದೆ.